ಪುಟ್ಟ ಮಜ್ದಾಗೆ ರೋಟರಿ ಎಂಜಿನ್: ಆಕ್ಲೆಂಡ್‌ನಿಂದ ಬೆಂಗಳೂರಿನ ಗಾಡಿಪ್ರಿಯರಿಗೆ

ಮನೆಯ ಗ್ಯಾರೇಜಿನಲ್ಲೇ ಎಂಜಿನ್ ಇಳಿಸಿ ಏರಿಸುವವರು ನ್ಯೂಜಿಲೆಂಡ್‌ನಲ್ಲಿ ಬಹಳ. ಅವರಲ್ಲಿ ರೋಟರಿ ಹುಚ್ಚಿನವರದ್ದೇ ಒಂದು ಪಂಗಡ. 1977ರಲ್ಲಿ ಬಂದ ಮಜ್ದಾ 323 ಹಿಂದಿನ ಚಕ್ರಗಳಿಂದ ಓಡುವ ಪುಟ್ಟ ಗಾಡಿ. ಅದರ ಸಣ್ಣ ಎಂಜಿನ್ ತೆಗೆದು ಮಜ್ದಾದ ಸ್ಪೋರ್ಟ್ಸ್ ಕಾರು ಆರ್‌ಎಕ್ಸ್-7ರ 13ಬಿ ಎಂಬ ರೋಟರಿ ಎಂಜಿನ್ ಕೂರಿಸುವುದು ಇಲ್ಲಿ ಹಳೆಯ ಪದ್ಧತಿ. ಇದನ್ನು ಕೇಳಿದ ಬೆಂಗಳೂರಿನವರಿಗೆ ಮೊದಲು ಬರುವ ಪ್ರಶ್ನೆ: "ನಮ್ಮ ಪದ್ಮಿನಿಗೂ ಹಾಕಬಹುದಾ ಸಾರ್?" ಅದಕ್ಕೆ ಉತ್ತರ ಕೊಡುವ ಮೊದಲು ಈ ಕೆಲಸದಲ್ಲಿ ಏನೇನಿದೆ ಎಂದು ತಿಳಿಯಬೇಕು.

ನಡು ಸ್ವಲ್ಪ ಒತ್ತಿದ ಕಡಲೆಕಾಯಿಯ ಆಕಾರದ ಹೌಸಿಂಗ್, ಅದರೊಳಗೆ ತಿರುಗುವ ತ್ರಿಕೋನದ ರೋಟರ್. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. 13ಬಿಯಲ್ಲಿ ಇಂಥ ಎರಡು ರೋಟರ್. ಒಂದೊಂದಕ್ಕೆ 654 ಸಿಸಿ, ಒಟ್ಟು 1308. 1986–88ರ ಟರ್ಬೊ ಇಲ್ಲದ 13ಬಿ ಸುಮಾರು 146 ಎಚ್‌ಪಿ ಕೊಡುತ್ತದೆ. 1089 ಸಿಸಿಯ ಪದ್ಮಿನಿಯದು 40ರ ಆಸುಪಾಸು. ಇಷ್ಟು ಚಿಕ್ಕ ಎಂಜಿನ್ ಯಾವ ಬಾನೆಟ್ ಕೆಳಗಾದರೂ ಹಿಡಿಸುತ್ತದೆ, ಆದ್ದರಿಂದಲೇ ಜನ ಮೋಸ ಹೋಗುತ್ತಾರೆ. ಎಂಜಿನ್ ಕೂರಿಸುವುದು ಕಾಲು ಭಾಗದ ಕೆಲಸ. ಅದರ ಬಿಸಿ ಇಳಿಸುವುದು, ಅದರ ಏಟು ತಡೆಯುವ ಹಿಂದಿನ ಆಕ್ಸಲ್ ಮತ್ತು ಬ್ರೇಕು, ಇವು ಉಳಿದ ಮುಕ್ಕಾಲು.

ಗುಜರಿಯಲ್ಲಿ ಎಂಜಿನ್ ನೋಡುವಾಗ ಕಂಪ್ರೆಷನ್ ನೋಡದೆ ದುಡ್ಡು ಎಣಿಸಬೇಡಿ. ಒಂದೊಂದು ರೋಟರ್‌ಗೆ ಮೂರು ಮುಖ, ಮೂರನ್ನೂ ಬೇರೆಬೇರೆ ಅಳೆಯಬೇಕು. ಸಾಮಾನ್ಯ ಗೇಜ್ ಆದರೆ ಒಳಗಿನ ವಾಲ್ವ್ ಪಿನ್ ಬಿಚ್ಚಿ, ಪ್ಲಗ್ ತೂತಿಗೆ ಹಾಕಿ, ಥ್ರಾಟಲ್ ಪೂರ್ತಿ ತೆರೆದು ಕ್ರ್ಯಾಂಕ್ ಮಾಡಿ. ಮುಳ್ಳು ಒಂದೇ ಸಮನಾಗಿ ಮೂರು ಸಲ ಕುಣಿಯಬೇಕು. ಕಿವಿಗೆ ಫುಸ್, ಫುಸ್, ಫುಸ್ ಎಂದು ಸಮ ತಾಳ ಕೇಳಬೇಕು. ಎರಡು ಜೋರು ಒಂದು ಮೆತ್ತಗೆ ಬಂದರೆ ಒಂದು ಮುಖದ ಸೈಡ್ ಸೀಲ್ (ರೋಟರ್‌ನ ಪಕ್ಕದ ಪಟ್ಟಿ) ಹೋಗಿರಬಹುದು. ಎರಡು ಮೆತ್ತಗಾದರೆ ಅವೆರಡರ ನಡುವಿನ ಅಪೆಕ್ಸ್ ಸೀಲ್ (ರೋಟರ್‌ನ ಮೂಲೆಯ ಪಟ್ಟಿ) ಮೇಲೆ ಅನುಮಾನ, ಏಕೆಂದರೆ ಒಂದು ಅಪೆಕ್ಸ್ ಸೀಲ್ ಎರಡು ಮುಖಗಳಿಗೆ ಗಡಿ. ಎಂಜಿನ್ ಬಿಸಿಯಿದ್ದು, ಬ್ಯಾಟರಿ ತುಂಬಿದ್ದು, 250 ಆರ್‌ಪಿಎಂ ತಿರುಗುವಾಗ 85 ಪಿಎಸ್‌ಐಗಿಂತ ಕಡಿಮೆ ಬಂದರೆ ಬಿಚ್ಚಿ ಕಟ್ಟಲೇಬೇಕು. ಮುಖಗಳ ನಡುವೆ 21 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಬಂದರೂ ಅಷ್ಟೇ.

ಮೌಂಟಿಂಗ್ ವಿಷಯ. ಮೊದಲ ತಲೆಮಾರಿನ ಆರ್‌ಎಕ್ಸ್-7ರಲ್ಲಿ ಎಂಜಿನ್ ಮುಂದಿನ ಕವರ್ ಮೇಲೆ ಕೂರುತ್ತಿತ್ತು. ಎರಡನೇ ತಲೆಮಾರಿನಲ್ಲಿ ನಡುವಿನ ಪ್ಲೇಟಿಗೆ ಬಂತು. ಹಳೆಯ ಚಾಸಿಗೆ ಹೊಸ 13ಬಿ ಹಾಕುವವರು 1984–85ರ ಇಂಜೆಕ್ಷನ್ 13ಬಿಯ ಮುಂದಿನ ಕವರ್ ಮತ್ತು ಆಯಿಲ್ ಚೇಂಬರ್ ಹುಡುಕುವುದು ಇದಕ್ಕೇ. ಚೇಂಬರ್ ಸ್ಟಿಯರಿಂಗ್ ರಾಡ್‌ಗೆ ತಾಗುತ್ತದಾ ಎಂದು ಚಕ್ರ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದ ಮೇಲೆಯೇ ಬ್ರ್ಯಾಕೆಟ್ ವೆಲ್ಡ್ ಮಾಡಿಸಿ.

ಫ್ಲೈವ್ಹೀಲ್ ನಟ್ 54 ಮಿ.ಮೀ.; ಅದಕ್ಕೆ 400ರಿಂದ 500 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಪಾನಾಕ್ಕೆ ಉದ್ದನೆಯ ಕಬ್ಬಿಣದ ಪೈಪ್ ಸಿಕ್ಕಿಸಿ, ಫ್ಲೈವ್ಹೀಲ್ ತಿರುಗದಂತೆ ಕಟ್ಟಿ, ಇಬ್ಬರು ತೂಗಬೇಕು. ಹಗುರ ಫ್ಲೈವ್ಹೀಲ್ ಹಾಕಿದರೆ ಆಟೊಮ್ಯಾಟಿಕ್ ಗಾಡಿಯ ಕೌಂಟರ್‌ವೇಟ್ (ತೂಗಾಟ ಸಮ ಮಾಡುವ ತೂಕ) ಬೇರೆ ಬೇಕು, ಅದೂ ಒಳಗಿರುವ ರೋಟರ್‌ಗಳ ವರ್ಷಕ್ಕೆ ಸರಿಯಾಗಿ. ಮಜ್ದಾದ ಇನ್ನೊಂದು ಸಣ್ಣ ರೋಟರಿಯಾದ 12ಎಯದನ್ನು 13ಬಿಗೆ ಹಾಕಿದರೆ ನಡುಗಿ ನಡುಗಿ ಬೇರಿಂಗ್ ತಿಂದುಹಾಕುತ್ತದೆ.

ಇನ್ನು ಬಿಸಿ. ರೋಟರ್ ಒಳಗೆ ನೀರು ಹೋಗುವುದಿಲ್ಲ, ಅದನ್ನು ತಣ್ಣಗಿಡುವುದು ಆಯಿಲ್ಲೇ. ತೆಗೆಯಬೇಕಾದ ಬಿಸಿಯಲ್ಲಿ ಸುಮಾರು ಮೂರನೇ ಒಂದು ಪಾಲು ಅದರದು. ಹಾಗಾಗಿ ಆಯಿಲ್ ಕೂಲರ್ ಇಲ್ಲದ ರೋಟರಿ ಇಲ್ಲ. ಆರ್‌ಎಕ್ಸ್-7ರ ಮೂಲ ಕೂಲರ್ ಸಿಕ್ಕರೆ ಅದನ್ನೇ ಗಾಳಿ ನೇರ ಬಡಿಯುವ ಕಡೆ ಹಾಕಿ, ದಪ್ಪ ಹೋಸ್ ಬಳಸಿ. 323ರ ಹಳೆಯ ರೇಡಿಯೇಟರ್‌ಗೆ ಆಸೆಪಡಬೇಡಿ. ದೊಡ್ಡದು ಬೇಕು, ಸುತ್ತ ಶ್ರೌಡ್ (ಗಾಳಿ ಪಕ್ಕಕ್ಕೆ ಸೋರದಂತೆ ತಡೆಯುವ ಕವಚ) ಕಟ್ಟಬೇಕು. ಹೌಸಿಂಗ್ ಅಲ್ಯೂಮಿನಿಯಂ, ಪಕ್ಕದ ಪ್ಲೇಟ್ ಬೀಡುಕಬ್ಬಿಣ. ಬಿಸಿಗೆ ಎರಡೂ ಬೇರೆಬೇರೆ ಅಳತೆಯಲ್ಲಿ ಹಿಗ್ಗುತ್ತವೆ. ಒಮ್ಮೆ ಚೆನ್ನಾಗಿ ಕುದಿದರೆ ನಡುವಿನ ರಬ್ಬರ್ ಸೀಲ್ ಸೋತು ನೀರು ಒಳಗೆ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ, ರೇಡಿಯೇಟರ್‌ನಲ್ಲಿ ಗುಳ್ಳೆ ಕಂಡರೆ ಅದೇ ರೋಗ.

ಗಾಡಿ ಬಿಸಿಯಾದರೆ ಥರ್ಮೋಸ್ಟಾಟ್ ಕಿತ್ತೆಸೆಯುವುದು ನಮ್ಮ ಗ್ಯಾರೇಜ್‌ಗಳ ಹಳೆಯ ಅಭ್ಯಾಸ. ದಯವಿಟ್ಟು ಇಲ್ಲಿ ಮಾಡಬೇಡಿ. ಈ ಎಂಜಿನ್ನಿನಲ್ಲಿ ಬಿಸಿಯಾದ ಮೇಲೆ ಬೈಪಾಸ್ ತೂತನ್ನು ಮುಚ್ಚುವುದೇ ಥರ್ಮೋಸ್ಟಾಟ್. ಅದನ್ನು ತೆಗೆದರೆ ನೀರು ರೇಡಿಯೇಟರ್ ಮುಟ್ಟದೆ ಒಳಗೊಳಗೇ ಸುತ್ತಿ ಇನ್ನಷ್ಟು ಕುದಿಯುತ್ತದೆ.

ಎಕ್ಸಾಸ್ಟ್ ಬಲಗಡೆ ಬರುತ್ತದೆ. ಇಲ್ಲಿಯಂತೆ ನಮ್ಮ ಊರಲ್ಲೂ ಸ್ಟಿಯರಿಂಗ್ ಬಲಕ್ಕೇ, ಬ್ರೇಕ್ ಮಾಸ್ಟರ್ ಸಿಲಿಂಡರ್ ಕೂಡ ಅಲ್ಲೇ. ಕೆಂಡದಂಥ ಮ್ಯಾನಿಫೋಲ್ಡ್ ಪಕ್ಕದಲ್ಲಿ ಬ್ರೇಕ್ ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಇಳಿಯುತ್ತದೆ. ನಡುವೆ ತಗಡಿನ ಶೀಲ್ಡ್ ಕಡ್ಡಾಯ. ಸೈಲೆನ್ಸರ್ ದಪ್ಪ ಸ್ಟೇನ್‌ಲೆಸ್‌ನದಾಗಿರಲಿ. ತೆಳು ತಗಡಿನದು ಬೇಗ ಸುಟ್ಟು ತೂತಾಗುತ್ತದೆ.

ಆರ್‌ಎಕ್ಸ್ 100 ಓಡಿಸಿದವರಿಗೆ ಮುಂದಿನದು ಸುಲಭ. ಅದರಲ್ಲಿ ಬೇರೆ ಟ್ಯಾಂಕಿನ 2ಟಿ ಆಯಿಲ್ಲನ್ನು ಪಂಪ್ ಎಂಜಿನ್ನಿಗೆ ಉಣಿಸುತ್ತಿತ್ತಲ್ಲ, ರೋಟರಿಯಲ್ಲೂ ಅಪೆಕ್ಸ್ ಸೀಲ್‌ಗೆ ಹಾಗೇ ಆಯಿಲ್ ಬೇಕು. ಮಜ್ದಾದ ಪಂಪ್ ಚೇಂಬರ್‌ನ ಆಯಿಲ್ಲನ್ನೇ ಎಳೆಯುತ್ತದೆ, ಅಷ್ಟೇ ವ್ಯತ್ಯಾಸ. ಆ ಪಂಪ್ ತೆಗೆದುಹಾಕಿದವರು ಲೀಟರ್ ಪೆಟ್ರೋಲಿಗೆ 10 ಮಿ.ಲೀ. 2ಟಿ ಬೆರೆಸುತ್ತಾರೆ; ಇಟ್ಟುಕೊಂಡವರಲ್ಲೂ ಹಲವರು 5 ಮಿ.ಲೀ. ಹಾಕುತ್ತಾರೆ. ಚೇಂಬರ್‌ಗೆ 20ಡಬ್ಲ್ಯೂ-50 ಮಿನರಲ್ ಆಯಿಲ್. ಆಯಿಲ್ ತಿನ್ನುವುದು ಇದರ ಗುಣ, ಪ್ರತಿ ಸಲ ಪೆಟ್ರೋಲ್ ತುಂಬಿಸುವಾಗ ಡಿಪ್‌ಸ್ಟಿಕ್ ನೋಡಿ.

ಆರ್‌ಎಕ್ಸ್-7ರ ಗೇರ್‌ಬಾಕ್ಸ್ ಜೊತೆಗೇ ತನ್ನಿ, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಿ. 323ರ ಸಣ್ಣ ಕ್ರೌನ್ ಪಿನಿಯನ್ ಕೆಲವು ಜೋರಿನ ಕ್ಲಚ್‌ಗೆ ಮುರಿಯುತ್ತದೆ. ಇಲ್ಲಿಯವರು ಟೊಯೊಟಾ ಹೈಲಕ್ಸ್‌ನ ಹಿಂದಿನ ಆಕ್ಸಲ್ ಹೌಸಿಂಗ್ ಕಿರಿದು ಮಾಡಿ ಹಾಕಿಸುವುದುಂಟು. ರೋಟರ್ ಒಂದಕ್ಕೆ ಎರಡು ಪ್ಲಗ್, ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ವೈರ್ ಅದಲುಬದಲಾದರೆ ನಾಕಿಂಗ್ ಬಂದು ಸೀಲ್ ಒಡೆಯುತ್ತದೆ, ಆದ್ದರಿಂದ ಬಿಚ್ಚುವ ಮೊದಲೇ ಗುರುತು ಹಾಕಿ.

ಈಗ ಪದ್ಮಿನಿ. ಹಿಂದಿನ ಚಕ್ರದ ಗಾಡಿಯಾದ್ದರಿಂದ ಯಂತ್ರದ ಮಟ್ಟಿಗೆ ಆಗುವ ಕೆಲಸ, ಆದರೆ ಗೇರ್ ಲಿವರ್ ಸ್ಟಿಯರಿಂಗ್‌ನಿಂದ ನೆಲಕ್ಕೆ ಬರಬೇಕು, ಆಕ್ಸಲ್, ಬ್ರೇಕು ಎಲ್ಲ ಬದಲಾಗಬೇಕು. ಮಾರುತಿ 800 ಮುಂದಿನ ಚಕ್ರದ್ದು, ಅದನ್ನು ಬಿಟ್ಟುಬಿಡಿ. ಸಮುದ್ರಮಟ್ಟದ ಆಕ್ಲೆಂಡ್‌ನ ಕಾರ್ಬ್ಯುರೇಟರ್ ಜೆಟ್ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ರಿಚ್ ಆಗುತ್ತದೆ (ಗಾಳಿಗಿಂತ ಪೆಟ್ರೋಲ್ ಹೆಚ್ಚಾಗುತ್ತದೆ), ಸಣ್ಣ ಜೆಟ್ ಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಗಾಳಿಯೇ ಇರುವುದಿಲ್ಲ, ಎರಡು ಎಲೆಕ್ಟ್ರಿಕ್ ಫ್ಯಾನ್ ಇರಲಿ.

ಕಾನೂನು ಬೇರೆ ಮಾತು. ನ್ಯೂಜಿಲೆಂಡ್‌ನಲ್ಲಿ ಇಂಥ ಗಾಡಿಗೆ ಎಲ್‌ವಿವಿ (ಲೋ ವಾಲ್ಯೂಮ್ ವೆಹಿಕಲ್) ಸರ್ಟಿಫಿಕೇಟ್ ಇದೆ. ಪರೀಕ್ಷಕರನ್ನು ವೆಲ್ಡಿಂಗ್‌ಗೆ ಮೊದಲೇ ಕೇಳುವುದು ಒಳ್ಳೆಯದು, ಪಾಸಾದರೆ ಗಾಡಿಗೆ ಒಂದು ಪ್ಲೇಟ್ ಹೊಡೆಯುತ್ತಾರೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಎಂದಿದೆ. ಆದ್ದರಿಂದ ಬೆಂಗಳೂರಿನಲ್ಲಿ ಇದು ರೇಸ್ ಟ್ರ್ಯಾಕಿಗೆ ಕಟ್ಟುವ ಗಾಡಿ, ಆಫೀಸಿಗೆ ಓಡಿಸುವುದಲ್ಲ.

ಕಟ್ಟಿದ ಮೇಲೆ ಒಂದು ಅಭ್ಯಾಸ ಕಲಿಯಿರಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಗಾಡಿ ನಾಲ್ಕು ಅಡಿ ಸರಿಸಿ ಆಫ್ ಮಾಡಬೇಡಿ. ಪೆಟ್ರೋಲ್ ಒಳಗೆ ನಿಂತು ಸೀಲ್ ಮೇಲಿನ ಆಯಿಲ್ ತೊಳೆದುಹೋಗುತ್ತದೆ, ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಹಾಗೇನಾದರೂ ಆದರೆ ಪೆಟ್ರೋಲ್ ಪಂಪ್ ಫ್ಯೂಸ್ ತೆಗೆದು, ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಮಾಡಿ ಒಣಗಿಸಿ, ತೂತಿನಿಂದ ಒಂದೊಂದು ಚಮಚ ಆಯಿಲ್ ಬಿಟ್ಟು, ಪ್ಲಗ್ ಒರೆಸಿ ಹಾಕಿ. ಮೊದಲ ನಿಮಿಷ ದಟ್ಟ ಹೊಗೆ ಬರುತ್ತದೆ, ಗಾಬರಿ ಬೇಡ.