ದೋಣಿಯೊಳಗೆ ಬಂದ ನೀರಿನ ಜಾಡು ಹಿಡಿದು

ನವೆಂಬರ್ ಕೊನೆಯ ಶನಿವಾರ

ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಮರೀನಾದಲ್ಲಿ (ದೋಣಿ ನಿಲ್ಲಿಸುವ ಕಟ್ಟೆ) ಕಟ್ಟಿರುವ ನಮ್ಮ 22 ಅಡಿಯ ಹಾಯಿದೋಣಿಯ ತಳದಲ್ಲಿ ಮತ್ತೆ ನೀರು. ಸ್ಪಂಜಿನಲ್ಲಿ ಹೀರಿ ಬಕೆಟ್ಟಿಗೆ ಹಿಂಡಿ ಅಳೆದರೆ ಮೂರೂವರೆ ಲೀಟರು. ಕ್ಯಾಬಿನ್ನಿನ ಬಲಗಡೆ ಬೆಂಚಿನ ಕೆಳಗಿನ ಪೆಟ್ಟಿಗೆಯೂ ಒದ್ದೆ. ಅಲ್ಲಿಟ್ಟಿದ್ದ ಲೈಫ್ ಜಾಕೆಟ್ಟುಗಳಿಗೆ ಬೂಷ್ಟು ಹಿಡಿದಿದೆ. ಜೂನಿನಲ್ಲಿ ಕೊಂಡಾಗ ಒಳಗೆ ಒಂದು ತೊಟ್ಟೂ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಬೇಸಿಗೆಯಲ್ಲಿ ಮಳೆಯೇ ಇರುವುದಿಲ್ಲ, ಹಾಗಾಗಿ ಆ ಒಣತನವನ್ನು ನಾನು ನಂಬಬಾರದಿತ್ತು.

ಮೊದಲು ತಿಳಿಯಬೇಕಾದದ್ದು ಇದು ಮಳೆ ನೀರೋ ಕೊಲ್ಲಿಯ ನೀರೋ ಎಂದು. ಕೊಲ್ಲಿಯ ನೀರಾದರೆ ತಡ ಮಾಡುವಂತಿಲ್ಲ. ನೀರಿನ ಮಟ್ಟಕ್ಕಿಂತ 30 ಸೆಂಟಿಮೀಟರ್ ಕೆಳಗೆ 25 ಮಿಲಿಮೀಟರಿನ ಒಂದು ಪೈಪು ಕಳಚಿಕೊಂಡರೂ ನಿಮಿಷಕ್ಕೆ 40 ಲೀಟರಿನ ಮೇಲೆ ಒಳಗೆ ನುಗ್ಗುತ್ತದೆ. ಮಳೆ ನೀರಾದರೆ ಹುಡುಕುವುದಕ್ಕೆ ಪುರುಸೊತ್ತು ಸಿಗುತ್ತದೆ.

ಬೆರಳದ್ದಿ ನಾಲಿಗೆಗೆ ಇಟ್ಟು ನೋಡುವುದು ಹಳೆಯ ಕ್ರಮ. ಮಳೆಗಾಲದಲ್ಲಿ ಇಲ್ಲಿ ಅದನ್ನೊಂದೇ ನೆಚ್ಚುವಂತಿಲ್ಲ: ಸ್ಯಾಕ್ರಮೆಂಟೊ, ಸ್ಯಾನ್ ವಾಕೀನ್ ನದಿಗಳು ತುಂಬಿ ಬಂದಾಗ ಕೊಲ್ಲಿಯ ನೀರಿನ ಉಪ್ಪಿನಂಶ ಕಡಿಮೆಯಾಗುತ್ತದೆ. ಅದಕ್ಕೇ ಮನೆಯ ನೀರಿನ ಫಿಲ್ಟರಿಗೆಂದು ತಂದಿದ್ದ, ನೀರಿನಲ್ಲಿ ಕರಗಿದ ಉಪ್ಪು, ಖನಿಜಗಳನ್ನು ಅಳೆಯುವ ಟಿಡಿಎಸ್ ಪೆನ್ನನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದೆ. ಬಕೆಟ್ಟಿನ ನೀರು 1,900 ತೋರಿಸಿತು. ಕೊಲ್ಲಿಯ ಉಪ್ಪುನೀರೇ ಇರಬೇಕೆಂದು ಎದೆ ಧಸಕ್ಕೆಂದಿತು. ಕಾಕ್‌ಪಿಟ್ಟಿನ (ಹಿಂಬದಿಯಲ್ಲಿ ಕೂರುವ ತೆರೆದ ಜಾಗ) ನೀರು ಹೊರಹೋಗುವ ಎರಡು ಹೋಸುಗಳಿಗೆ, ಕ್ಲಾಂಪುಗಳಿಗೆ, ದೋಣಿಯಡಿಯ ಭಾರದ ರೆಕ್ಕೆಯಾದ ಕೀಲ್‌ನ ಬೋಲ್ಟುಗಳ ಬುಡಕ್ಕೆ ಟಿಶ್ಯೂ ಕಾಗದ ಸುತ್ತಿ ಎರಡು ಗಂಟೆ ಕಾದೆ. ಒಂದೂ ನೆನೆಯಲಿಲ್ಲ.

ಡಿಸೆಂಬರ್, ಮೊದಲ ವಾರ

ರಾತ್ರಿ ಮಲಗಿದಾಗ ಹೊಳೆಯಿತು. ದೋಣಿಯ ತಳದಲ್ಲಿ ಎಷ್ಟೋ ವರ್ಷದ ಉಪ್ಪು ಒಣಗಿ ಕೂತಿದೆ. ಸಿಹಿನೀರು ಅದರ ಮೇಲೆ ನಿಂತರೂ ಪೆನ್ನು ಉಪ್ಪನ್ನೇ ತೋರಿಸುತ್ತದೆ. ಕೊಲ್ಲಿಯ ನೀರಿಗೇ ಅದ್ದಿದರೆ ಪೆನ್ನಿನ ಅಳತೆ ಮೀರಿ ಹೋಗುತ್ತದೆ, ಅಂದರೆ 1,900 ಎಂಬುದು ಅಲ್ಲಿಯದೂ ಅಲ್ಲ, ಇಲ್ಲಿಯದೂ ಅಲ್ಲ. ತಳವನ್ನು ನಲ್ಲಿ ನೀರಿನಲ್ಲಿ ಮೂರು ಸಲ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿದೆ. ಆರು ದಿನ ಮಳೆಯಿಲ್ಲ, ಒಳಗೆ ಒಂದು ಹನಿಯೂ ಇಲ್ಲ. ಏಳನೆಯ ದಿನ ಮಳೆ ಹೊಡೆಯಿತು. ಎರಡು ಲೀಟರು, ಪೆನ್ನಿನಲ್ಲಿ 80. ಮಳೆ ನೀರು. ಆ ರಾತ್ರಿ ನೆಮ್ಮದಿಯಿಂದ ನಿದ್ದೆ ಮಾಡಿದೆ.

ಡಿಸೆಂಬರ್, ಮೂರನೆಯ ವಾರ

ಇನ್ನು ಜಾಗ ಹುಡುಕುವ ಕೆಲಸ. ಒದ್ದೆಯಾಗುವುದು ಬೆಂಚಿನ ಹಿಂಭಾಗ, ಅದರ ನೇರ ಮೇಲೆ ಕಿಟಕಿ. ದೋಣಿಯ ಹಿಂದಿನ ಮಾಲೀಕರೂ ಕಿಟಕಿಯನ್ನೇ ಅನುಮಾನಿಸಿರಬೇಕು, ಸುತ್ತ ಸಿಲಿಕೋನು ಮೆತ್ತಿದ್ದಾರೆ. ನನಗೆ ಊರಿನ ಮನೆ ನೆನಪಾಯಿತು. ತೀರ್ಥಹಳ್ಳಿ ಕಡೆಯ ಹಂಚಿನ ಮಾಡು ನಮ್ಮದು. ಮಳೆಗಾಲದಲ್ಲಿ ಅಡುಗೆಮನೆಯ ಒಲೆ ಹತ್ತಿರ ತೊಟ್ಟಿಕ್ಕುತ್ತಿದ್ದರೆ ಅಪ್ಪಯ್ಯ ಒಲೆಯ ಮೇಲಿನ ಹಂಚನ್ನು ಮುಟ್ಟುತ್ತಲೇ ಇರಲಿಲ್ಲ. ಪಕಾಸಿಯ ಮೇಲೆ ಕೈಯಾಡಿಸುತ್ತ ಮೇಲೆ ಮೇಲೆ ಹೋಗಿ, ನಾಲ್ಕು ಮಾರು ಆಚೆ ಒಡೆದ ಹಂಚು ಹಿಡಿಯುತ್ತಿದ್ದರು. ನೀರು ಮರದ ಅಡಿಗೆ ಅಂಟಿಕೊಂಡೇ ಹರಿದು ಬಂದು, ತಡೆ ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ದೋಣಿಯಲ್ಲೂ ಹೊರ ಮೈಗೂ ಒಳಪದರಕ್ಕೂ ನಡುವೆ ನೀರಿಗೆ ಅಂಥದೇ ಕಳ್ಳದಾರಿ ಇದೆ.

ಪೆಟ್ಟಿಗೆಯ ಒಳಗೋಡೆಗೆ ಉದ್ದಕ್ಕೂ ಟಾಲ್ಕಂ ಪೌಡರು ಉದುರಿಸಿದೆ. ಮಗಳು ಟಾರ್ಚು ಹಿಡಿದು ಒಳಗೆ, ನಾನು ಹೋಸು ಹಿಡಿದು ಮೇಲೆ. ಕೆಳಗಿನಿಂದ ಶುರು ಮಾಡಿ ಒಂದೊಂದು ಜಾಗಕ್ಕೆ ಹತ್ತು ನಿಮಿಷ, ನಿಧಾನ ಧಾರೆ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರಿದು ಯಾವುದು ಸೋರಿತೆಂದೇ ಗೊತ್ತಾಗುವುದಿಲ್ಲ. ಕಿಟಕಿಗೆ ಹಿಡಿದಾಗ ಏನೂ ಆಗಲಿಲ್ಲ. ಮುಂದೆ ನಾಲ್ಕಡಿ ಸರಿದು ದೋಣಿಯ ಅಂಚಿನ ಕಟಕಟೆಯ ಎರಡನೆಯ ಕಂಬದ ಬುಡಕ್ಕೆ ಹಿಡಿದು ಆರು ನಿಮಿಷ ಆಗಿರಬೇಕು: "ಅಪ್ಪಾ, ಬಂತು! ಪೌಡರ್ ಮೇಲೆ ಗೆರೆ ಬಿತ್ತು!" ಇಳಿದು ನೋಡಿದೆ. ಬಿಳಿ ಪೌಡರಿನಲ್ಲಿ ಇರುವೆ ಸಾಲಿನಷ್ಟು ಸಣ್ಣ ಕಪ್ಪು ಗೆರೆ, ಮುಂದಿನಿಂದ ಹಿಂದಕ್ಕೆ ಓರೆಯಾಗಿ ಇಳಿದಿತ್ತು.

ಸಾಕ್ಷಿ ಒಂದೇ ಸಾಲದೆಂದು ಮರುದಿನ ಒಳಗೆ ಗಾಳಿ ತುಂಬಿ ನೋಡಿದೆ. ಗಾಳಿಕಿಂಡಿ, ಮುಂದಿನ ಹ್ಯಾಚು (ಮಾಡಿನ ಮುಚ್ಚಳ) ಎಲ್ಲಕ್ಕೂ ಟೇಪು ಹಚ್ಚಿ, ಬಾಗಿಲಿಗೆ ರಟ್ಟು ಕಟ್ಟಿ, ಅದರ ತೂತಿನಿಂದ ಎಲೆ ಊದುವ ಬ್ಲೋವರಿನಲ್ಲಿ ಮೆಲ್ಲಗೆ ಗಾಳಿ ಬಿಟ್ಟೆ. ಜೋರಾಗಿ ಬಿಟ್ಟರೆ ಹಳೆಯ ಕಿಟಕಿಗಳು ಕಿತ್ತು ಬರಬಹುದು, ಹುಷಾರು. ದೋಣಿಯ ಮೇಲ್ಹಾಸಾದ ಡೆಕ್ಕಿನ ಮೇಲೆ ಸಾಬೂನು ನೀರು ಚಿಮುಕಿಸಿದಾಗ ಅದೇ ಕಂಬದ ಬುಡದಲ್ಲಿ ನೊರೆ ಉಕ್ಕಿತು. ಎಡಗಡೆ ಹಾಯಿಮರದ ತಂತಿ ಹಿಡಿಯುವ ಚೈನ್‌ಪ್ಲೇಟಿನ ಹತ್ತಿರವೂ ನಾಲ್ಕಾರು ಗುಳ್ಳೆ.

ಜನವರಿ

ಕಂಬದ ನಾಲ್ಕು ಬೋಲ್ಟು ಬಿಚ್ಚಿದೆ. ಮೂರು ಸುಲಭವಾಗಿ ಬಂದವು. ನಾಲ್ಕನೆಯದರ ಜೊತೆ ಟೀ ಡಿಕಾಕ್ಷನ್ನಿನಂಥ ನೀರು ಬಂತು. ಡೆಕ್ಕೆಂದರೆ ಎರಡು ಪದರ ಫೈಬರ್‌ಗ್ಲಾಸ್, ನಡುವೆ ಪ್ಲೈವುಡ್. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋದೆ. ಗಟ್ಟಿ ಇರುವಲ್ಲಿ ಟಕ್ ಟಕ್, ಕೊಳೆತಲ್ಲಿ ಮಂದವಾಗಿ ದಬ್ ದಬ್. ಪುಣ್ಯಕ್ಕೆ ಅಂಗೈ ಅಗಲಕ್ಕಿಂತ ಹೆಚ್ಚು ಹರಡಿರಲಿಲ್ಲ. ಬಗ್ಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಕಚ್ಚಿಸಿ, ಎರಡು ಪದರಗಳ ನಡುವಿನಿಂದ ಕರಿ ಮರವನ್ನೆಲ್ಲ ಕೆರೆದು ತೆಗೆದೆ. ಮೇಲೆ ಟಾರ್ಪಾಲು ಕಟ್ಟಿ ಹತ್ತು ದಿನ ಒಣಗಲು ಬಿಟ್ಟೆ. ಈ ಹತ್ತು ದಿನ ಬಿಡುವ ತಾಳ್ಮೆ ಇಲ್ಲದಿದ್ದರೆ ಉಳಿದದ್ದು ಮಾಡಿ ಪ್ರಯೋಜನವಿಲ್ಲ, ಒದ್ದೆ ಮರಕ್ಕೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಹಿಡಿಯುವುದಿಲ್ಲ.

ಅಡಿಯಿಂದ ಟೇಪು ಹಚ್ಚಿ, ಮೊದಲು ತೆಳು ಎಪಾಕ್ಸಿ ಕುಡಿಸಿ, ಆಮೇಲೆ ಸಿಲಿಕಾ ಪುಡಿ ಕಲಸಿದ ದಪ್ಪ ಎಪಾಕ್ಸಿಯನ್ನು ಸಿರಿಂಜಿನಲ್ಲಿ ತುಂಬಿಸಿದೆ. ಚಳಿಗೆ ಗಟ್ಟಿಯಾಗಲು ಎರಡು ದಿನ ಹಿಡಿಯಿತು. ಗಟ್ಟಿಯಾದ ಆ ಎಪಾಕ್ಸಿಯ ನಡುವೆಯೇ ಹೊಸ ತೂತು ಕೊರೆದೆ. ಇನ್ನು ಮುಂದೆ ಬೋಲ್ಟಿನ ಪಕ್ಕ ನೀರು ಇಳಿದರೂ ಮರಕ್ಕೆ ತಾಗದು.

ಸೀಲಿಗೆ ಬ್ಯೂಟೈಲ್ ಟೇಪು, ಅಂಟಂಟಾದ ರಬ್ಬರಿನದು. ಹಲಸಿನ ಮೇಣದ ಹಾಗೆ ಎಳೆದಷ್ಟೂ ಎಳೆಯುತ್ತದೆ, ಎಷ್ಟೋ ವರ್ಷ ಒಣಗಿ ಬಿರಿಯುವುದಿಲ್ಲ. ತೂತಿನ ಬಾಯಿಯನ್ನು ಸ್ವಲ್ಪ ಅಗಲಿಸಿ, ಬೋಲ್ಟಿನ ತಲೆಯಡಿ ಬ್ಯೂಟೈಲನ್ನು ಬತ್ತಿಯಂತೆ ಸುತ್ತಿ ಕೂರಿಸಿದೆ. ಬಿಗಿಯುವಾಗ ಮೇಲಿನ ಬೋಲ್ಟು ತಿರುಗಬಾರದು, ಒಳಗಿನ ನಟ್ಟನ್ನೇ ತಿರುಗಿಸಬೇಕು. ಬೋಲ್ಟು ತಿರುಗಿದರೆ ಸೀಲು ಕಿತ್ತುಹೋಗುತ್ತದೆ. ಮಗಳು ಮೇಲೆ ಸ್ಕ್ರೂಡ್ರೈವರ್ ಒತ್ತಿ ಹಿಡಿದಳು, ನಾನು ಕೆಳಗೆ ಸ್ಪ್ಯಾನರ್ ಆಡಿಸಿದೆ. ದಿನಕ್ಕೆ ಕಾಲು ಸುತ್ತಿನಂತೆ ನಾಲ್ಕು ದಿನ. ಪ್ರತಿ ಸಲವೂ ಅಂಚಿನಿಂದ ಬೂದು ಬಣ್ಣದ ಬ್ಯೂಟೈಲ್ ಹೊರಗುಕ್ಕುತ್ತಿತ್ತು. ಒಳಗೆ ಸಣ್ಣ ವಾಷರುಗಳ ಬದಲು ಅಗಲವಾದ ಒಂದೇ ಅಲ್ಯೂಮಿನಿಯಂ ಪಟ್ಟಿ ಕೊಟ್ಟಿದ್ದೇನೆ.

ಫೆಬ್ರವರಿ ಮೊದಲ ಭಾನುವಾರ

ಎರಡು ರಾತ್ರಿ, ಒಂದು ಹಗಲು ಬಿಡದೆ ಮಳೆ. ಬೆಳಿಗ್ಗೆ ಹೋಗಿ ಬೆಂಚಿನ ಹಲಗೆ ಎತ್ತಿದೆವು. ಪೌಡರು ಹಾಕಿದ ಹಾಗೇ ಇದೆ, ಒಂದು ಗೆರೆಯೂ ಇಲ್ಲ. ತಳದಲ್ಲಿ ಅರ್ಧ ಲೋಟ ನೀರು, ಪೆನ್ನಿನಲ್ಲಿ 70. ಅದು ಎಡಗಡೆಯ ಚೈನ್‌ಪ್ಲೇಟಿನದು. ಬರುವ ಶನಿವಾರ ಗಾಳಿ ಕಡಿಮೆಯಿದ್ದರೆ, ಹಾಯಿ ಏರಿಸುವ ಹಗ್ಗವನ್ನು ಆ ಬದಿಗೆ ಬಿಗಿದು ಹಾಯಿಮರವನ್ನು ಭದ್ರ ಮಾಡಿಕೊಂಡು, ಆ ಒಂದೇ ತಂತಿ ಬಿಚ್ಚಿ ನೋಡಬೇಕು.