ಆರನೇ ಪುಟದಲ್ಲಿ ಹೊರಟ ಮೆರವಣಿಗೆ

ಪ್ರಶ್ನೆ ಒಂದೇ ಸಾಲಿನದು. ಫ್ರೆಂಚ್ ಕ್ರಾಂತಿಯ ಹೊತ್ತಿನಲ್ಲಿ, 1789ರ ಅಕ್ಟೋಬರ್ 5ರಂದು, ಪ್ಯಾರಿಸ್ಸಿನ ಹೆಂಗಸರು ರಾಜನಿದ್ದ ವರ್ಸೇಲ್ಸ್ ಅರಮನೆಗೆ ನಡೆದುಹೋಗಿದ್ದು ಬರೀ ಬ್ರೆಡ್ಡಿಗಾಗಿಯೇ? ಎಂಟು ಪುಟದೊಳಗೆ ಉತ್ತರ ಬರೆಯಬೇಕಿತ್ತು. ನಾನು ಫ್ರಾನ್ಸಿನ ಹಳೆಯ ರಾಜ ಹದಿನಾಲ್ಕನೇ ಲೂಯಿಯಿಂದ ಶುರು ಮಾಡಿದೆ.

ಅವನು 1682ರಲ್ಲಿ ಆಸ್ಥಾನವನ್ನು ವರ್ಸೇಲ್ಸಿಗೆ ಸಾಗಿಸಿದ್ದು, ಏಳು ವರ್ಷಗಳ ಯುದ್ಧ, ಅಮೆರಿಕದ ಯುದ್ಧಕ್ಕಾಗಿ ಮಾಡಿದ ಸಾಲ, 1788ರ ಜುಲೈಯಲ್ಲಿ ಪೈರು ಹಾಳು ಮಾಡಿದ ಆಲಿಕಲ್ಲು ಮಳೆ, ಜನ ವಶಪಡಿಸಿಕೊಂಡ ಬ್ಯಾಸ್ಟಿಲ್ ಕೋಟೆ. ಓದಿದ್ದನ್ನೆಲ್ಲ ಸುರಿದೆ. ಕಷ್ಟಪಟ್ಟು ಮಾಡಿಕೊಂಡ ಟಿಪ್ಪಣಿ, ಬಿಡಲು ಮನಸ್ಸು ಬರುತ್ತಾ? ನಿಜ ಹೇಳಬೇಕೆಂದರೆ ಹಿನ್ನೆಲೆ ಬರೆಯುವುದು ಸುಲಭ. ಅಲ್ಲಿ ನನ್ನ ಜೊತೆ ಯಾರೂ ಜಗಳಕ್ಕೆ ಬರುವುದಿಲ್ಲ. 'ನನಗೆ ಹೀಗನ್ನಿಸುತ್ತದೆ, ಯಾಕೆಂದರೆ' ಎಂದು ಬರೆಯುವಾಗಲೇ ಪೆನ್ನು ನಿಲ್ಲುವುದು.

ಹೆಂಗಸರು ಹೊರಟಿದ್ದು ಆರನೇ ಪುಟದ ಕೊನೆಗೆ.

ಮೇಡಂ ಬೈಯಲಿಲ್ಲ. ಪೆನ್ಸಿಲ್ ಕೊಟ್ಟು, "ಕೊನೆಯ ಎರಡು ಪುಟಕ್ಕೆ ಈ ಆರು ಪುಟದಲ್ಲಿ ಯಾವ್ಯಾವ ಸಾಲು ಬೇಕು? ಅದಕ್ಕೆ ಮಾತ್ರ ಗೆರೆ ಎಳಿ" ಅಂದರು. ಎಳೆದೆ. ಸಿಕ್ಕಿದ್ದು ಒಂಬತ್ತು ಸಾಲು. ನಾಚಿಕೆಯಾಯಿತು.

ಆ ಸಿಟ್ಟಿನಲ್ಲಿ ಎಲ್ಲ ಕಿತ್ತುಹಾಕಿದೆ. ಮಳೆಯಲ್ಲಿ ಸುಮಾರು 20 ಕಿಲೋಮೀಟರ್ ನಡೆಯುತ್ತಿರುವ ಹೆಂಗಸರಿಂದಲೇ ಆರಂಭ. ಅಂದು ಸಂಜೆ ರಾಜ ಹದಿನಾರನೇ ಲೂಯಿ ಆಗಸ್ಟ್ ತಿಂಗಳ ನಿರ್ಣಯಗಳನ್ನು ಒಪ್ಪಿಕೊಂಡ, ಆದ್ದರಿಂದ ಇದು ಬರೀ ಹಸಿವಿನ ಮಾತಲ್ಲ ಎಂದು ವಾದಿಸಿದೆ. ಗೆಳತಿ ಓದಿ, "ಯಾವ ನಿರ್ಣಯ? ಅಲ್ಲಿವರೆಗೂ ಯಾಕೆ ಒಪ್ಪಿರಲಿಲ್ಲ?" ಎಂದಳು. ಅಯ್ಯೋ, ಅದನ್ನೂ ಕಿತ್ತುಬಿಟ್ಟಿದ್ದೆ! ಊಳಿಗಮಾನ್ಯ ಹಕ್ಕುಗಳನ್ನು ತೆಗೆದ ಆಗಸ್ಟ್ 4ರ ರಾತ್ರಿ, 26ರ ಮಾನವ ಹಕ್ಕುಗಳ ಘೋಷಣೆ, ರಾಜನ ಮೀನಮೇಷ. ಇಷ್ಟಿಲ್ಲದೆ ನನ್ನ ವಾದಕ್ಕೆ ಕಾಲೇ ಇಲ್ಲ. ಮೂರು ಸಾಲಿನಲ್ಲಿ ವಾಪಸ್ ತಂದೆ. ಮೊದಲ ಪುಟಕ್ಕಲ್ಲ, ರಾಜ ಒಪ್ಪಿದ ಮಾತು ಬರುವ ಜಾಗದ ಹಿಂದೆಯೇ.

ನನಗೇ ಆಶ್ಚರ್ಯವೆಂದರೆ 1682 ಕೂಡ ವಾಪಸ್ ಬಂತು. ಮೊದಲು ಅದು ಅರಮನೆಯ ವೈಭವದ ಒಂದು ಪುಟವಾಗಿತ್ತು, ಸುಮ್ನೆ ಅಲಂಕಾರ. ಈಗ ಒಂದೇ ಸಾಲು: ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಫ್ರಾನ್ಸಿನ ರಾಜರು ಹೆಚ್ಚಾಗಿ ಇದ್ದದ್ದು ಪ್ಯಾರಿಸ್ಸಿನ ಹೊರಗೆ. ಅದಾದ ಮೇಲೆ, ಅಕ್ಟೋಬರ್ 6ರಂದು ಜನ ರಾಜನ ಕುಟುಂಬವನ್ನೇ ಪ್ಯಾರಿಸ್ಸಿಗೆ ಕರೆತಂದರು ಎಂದರೆ ಅದರ ತೂಕ ಗೊತ್ತಾಗುತ್ತದೆ, ಅಲ್ವಾ? ಹಿಟ್ಟು ಮಾತ್ರ ಬೇಕಿದ್ದರೆ ಗಾಡಿಗಳು ಸಾಕಿತ್ತು. ರಾಜ ಯಾಕೆ?

ಆ ಪ್ರಶ್ನೆಯೇ ನನ್ನ ಮೊದಲ ವಾಕ್ಯವಾಯಿತು. ಏಳು ವರ್ಷಗಳ ಯುದ್ಧಕ್ಕೆ ಮಾತ್ರ ಎಲ್ಲೂ ಜಾಗ ಸಿಗಲಿಲ್ಲ. ಆ ಪುಟವನ್ನು ಹರಿಯಲು ಮನಸ್ಸು ಬರದೆ ನೋಟ್‌ಬುಕ್ಕಿನ ಹಿಂದೆ ಮಡಚಿಟ್ಟೆ.