ಹೂವಿನ ಬಣ್ಣ ಹೋಗೂದಿಲ್ಲೇನ್ರಿ?

ಹೂಗಳನ್ನು ಒತ್ತಿ ಒಣಗಿಸಿ ಫ್ರೇಮು, ಕಾರ್ಡು, ಬುಕ್‌ಮಾರ್ಕ್ ಮಾಡುವುದು ನನ್ನ ಕೆಲಸ. ಇಲ್ಲಿ ಬೆಳಗಾವಿಯಲ್ಲಿ ಯಾರ ಕೈಗೆ ಕೊಟ್ಟರೂ ಮೊದಲು ‘ಭಾಳ ಚಂದ ಐತಿ’ ಅನ್ನುತ್ತಾರೆ. ಆಮೇಲೆ ಬೆಳಕಿಗೆ ಹಿಡಿದು ಕೇಳುತ್ತಾರೆ: ‘ಇದರ ಬಣ್ಣ ಹೋಗೂದಿಲ್ಲೇನ್ರಿ?’

ಹೋಗುತ್ತದೆ. ಹೋಗೋದೇ ಇಲ್ಲ ಅಂತ ಹೇಳಿ ಮಾರುವವರನ್ನು ನಂಬಬೇಡಿ. ಆದರೆ ಕೆಲವು ಹೂವಿನ ಬಣ್ಣ ಬೇಗ ಹೋಗುತ್ತದೆ, ಕೆಲವದ್ದು ವರ್ಷಗಟ್ಟಲೆ ನಿಲ್ಲುತ್ತದೆ. ಎಷ್ಟು ನಿಲ್ಲಬೇಕು ಅನ್ನೋದು ಬಹಳಷ್ಟು ನಮ್ಮ ಕೈಯಲ್ಲೇ ಇದೆ.

ಮೊದಲು ಹೂವಿನ ಆಯ್ಕೆ. ಚೆಂಡು ಹೂವಿನ ಹಳದಿ-ಕಿತ್ತಳೆ ಬಣ್ಣಕ್ಕೆ ಕಾರಣ ಕ್ಯಾರೊಟಿನಾಯ್ಡ್‌ಗಳು ಎಂಬ ಬಣ್ಣದ ಪದಾರ್ಥಗಳು. ಒಣಗಿದರೂ ಸುಲಭಕ್ಕೆ ಜಗ್ಗುವುದಿಲ್ಲ. ದಾಸವಾಳ, ಗುಲಾಬಿಯ ಕೆಂಪು ಆಂಥೋಸಯಾನಿನ್ ಎಂಬ ಇನ್ನೊಂದು ಬಣ್ಣದ ಪದಾರ್ಥದಿಂದ ಬರುವಂಥದ್ದು. ಇದು ತುಂಬಾ ಸೂಕ್ಷ್ಮ. ಕೆಂಪು ದಾಸವಾಳದ ಎಸಳು ಹಿಸುಕಿ ಲಿಂಬೆ ರಸ ಬಿಡಿ, ಕೆಂಪು ಹೊಳೆಯುತ್ತದೆ. ಸೋಪಿನ ನೀರು ಬಿಟ್ಟರೆ ಹಸಿರಿಗೆ ತಿರುಗುತ್ತದೆ. ಇಂಥ ಬಣ್ಣ ಕಾಗದದ ನಡುವೆ ಒಣಗುವಾಗ ಕಡುನೇರಳೆ, ಕೆಲವೊಮ್ಮೆ ಕಪ್ಪು ಆದರೆ ಆಶ್ಚರ್ಯವಿಲ್ಲ ಅಲ್ವಾ? ಮಲ್ಲಿಗೆಯಂತೂ ಕಂದು ಆಗೇ ಆಗುತ್ತದೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವ ಹಾಗೆಯೇ, ಎಸಳಿನೊಳಗಿನ ರಸಕ್ಕೆ ಗಾಳಿ ತಾಗಿ ಆಗುವ ಬದಲಾವಣೆ ಅದು.

ನನಗೆ ಎಲ್ಲಕ್ಕಿಂತ ಇಷ್ಟ ಗುರೆಳ್ಳು ಹೂ. ಚಟ್ನಿಪುಡಿ ಮಾಡ್ತೀವಲ್ಲ, ಅದೇ ಗುರೆಳ್ಳು. ಮಳೆಗಾಲ ಮುಗಿಯುವ ಹೊತ್ತಿಗೆ ಹೊಲದ ತುಂಬ ಹಳದಿ. ಹತ್ತಿರದಿಂದ ನೋಡಿ, ಸಾಮಾನ್ಯವಾಗಿ ಎಂಟು ಎಸಳು, ಪ್ರತಿ ಎಸಳಿನ ತುದಿಯಲ್ಲಿ ಸಣ್ಣ ಸಣ್ಣ ಹಲ್ಲು. ಇಬ್ಬನಿ ಆರಿದ ಮೇಲೆ ಕೀಳಬೇಕು. ಮುಖ ಕೆಳಗೆ ಮಾಡಿ ಕಾಗದದ ಮೇಲಿಟ್ಟು, ಹಿಂದಿನಿಂದ ನಡುವಿನ ಉಬ್ಬನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಅದುಮಿದರೆ ಎಸಳುಗಳು ತಾವಾಗಿಯೇ ಸುತ್ತ ಹರಡಿಕೊಳ್ಳುತ್ತವೆ. ಒಂದು ಮಾತು, ರೈತರನ್ನು ಕೇಳಿಯೇ ಕೀಳಿ. ಕಿತ್ತ ಹೂ ಕಾಳಾಗುವುದಿಲ್ಲ.

ಎರಡನೆಯದು ಒಣಗುವ ವೇಗ. ಹೂವಿನೊಳಗೆ ನೀರು ಎಷ್ಟು ಹೊತ್ತು ಉಳಿಯುತ್ತದೋ ಬಣ್ಣ ಅಷ್ಟು ಕೆಡುತ್ತದೆ. ಬೆಳಗಾವಿಯ ಜುಲೈ, ಆಗಸ್ಟ್ ಗೊತ್ತಲ್ಲ, ಹಾಸಿದ ಬಟ್ಟೆಯೇ ಒಣಗದ ದಿನಗಳು, ಆಗ ಪುಸ್ತಕದಲ್ಲಿ ಹೂ ಇಟ್ಟು ಸುಮ್ನೆ ಮರೆತರೆ ಬೂಸ್ಟು ಗ್ಯಾರಂಟಿ. ನಾನು ತೇವ ಹೀರುವ ಬ್ಲಾಟಿಂಗ್ ಪೇಪರ್ ಬಳಸುತ್ತೇನೆ. ಮೊದಲ ಕೆಲವು ದಿನ ತಪ್ಪದೇ ಕಾಗದ ಬದಲಿಸುತ್ತೇನೆ. ತೆಳು ಹೂವಾದರೆ ಎರಡು ಕಾಗದದ ನಡುವೆ ಇಟ್ಟು, ನೀರಿಲ್ಲದ ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಒತ್ತಿ ಒತ್ತಿ ಎತ್ತುತ್ತೇನೆ. ಎಳೆಯಬಾರದು, ಎಸಳು ಹರಿಯುತ್ತದೆ. ವಿಜಯಪುರದವರಿಗೆ ಈ ಕಷ್ಟ ಕಡಿಮೆ, ಅಲ್ಲಿ ಮಳೆಯೂ ಕಡಿಮೆ, ಗಾಳಿಯೂ ಒಣ. ಆದರೆ ಬೇಸಿಗೆಯಲ್ಲಿ ಎಸಳು ಹಪ್ಪಳವಾಗಿ ಮುಟ್ಟಿದರೆ ಪುಡಿಯಾಗುತ್ತದೆ, ಹಾಗಾಗಿ ಒಣಗಿದ ಕೂಡಲೇ ಡಬ್ಬಿಗೆ ಹಾಕಬೇಕು.

ಮೂರನೆಯದು ಬಿಸಿಲು, ಎಲ್ಲಕ್ಕಿಂತ ದೊಡ್ಡ ವೈರಿ. ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ 18ನೇ ಶತಮಾನದಲ್ಲಿ ಒತ್ತಿಟ್ಟ ಗಿಡಗಳು ಲಂಡನ್ನಿನಲ್ಲಿ ಇಂದಿಗೂ ಇವೆ. ಅವನ್ನು ಯಾರೂ ಕಿಟಕಿ ಎದುರು ತೂಗುಹಾಕಿಲ್ಲ, ಬೆಳಕು, ತೇವ, ಹುಳ ತಾಗದ ಹಾಗೆ ಎತ್ತಿಟ್ಟಿದ್ದಾರೆ. ಗೋಡೆಗೆ ಹಾಕುವ ಫ್ರೇಮಿಗೆ ಅಷ್ಟು ಕತ್ತಲು ಕೊಡೋಕಾಗಲ್ಲ, ಒಪ್ಪುತ್ತೇನೆ. ಆದರೆ ನೇರ ಬಿಸಿಲು ಬೀಳದ ಗೋಡೆ ಪ್ರತಿ ಮನೆಯಲ್ಲೂ ಇರುತ್ತದೆ. ಅಡುಗೆಮನೆ ಮಾತ್ರ ಬೇಡ, ಹಬೆ ಒಳಗೆ ಸೇರುತ್ತದೆ.

‘ರೆಸಿನ್‌ನಲ್ಲಿ ಹಾಕಿದರೆ ಶಾಶ್ವತ’ ಅನ್ನುವವರೂ ಇದ್ದಾರೆ. ರೆಸಿನ್ ಅಂದರೆ ಗಾಜಿನ ಹಾಗೆ ಗಟ್ಟಿಯಾಗುವ ಅಂಟು ದ್ರವ. ಹೂವಿನಲ್ಲಿ ಸ್ವಲ್ಪ ತೇವ ಉಳಿದಿದ್ದರೂ ರೆಸಿನ್ ಒಳಗೇ ಕಂದಾಗುತ್ತದೆ. ಬಿಸಿಲಿಗೆ ರೆಸಿನ್ನೇ ಹಳದಿಯಾಗುತ್ತದೆ.

ಇತ್ತೀಚೆಗೆ ಮದುವೆ ಹಾರ ತರುವವರು ಜಾಸ್ತಿ. ಅವರಿಗೆ ಮೊದಲೇ ಹೇಳಿಬಿಡುತ್ತೇನೆ: ಗುಲಾಬಿ ಗಾಢವಾಗುತ್ತದೆ, ಮಲ್ಲಿಗೆ ಕಂದಾಗುತ್ತದೆ, ಹಳದಿ ಸೇವಂತಿ ಚೆನ್ನಾಗಿ ನಿಲ್ಲುತ್ತದೆ. ಕೆಲವರು ಆ ಕಂದು ಮಲ್ಲಿಗೆಯೇ ಬೇಕು ಅನ್ನುತ್ತಾರೆ, ಅದನ್ನೂ ಅಷ್ಟೇ ಪ್ರೀತಿಯಿಂದ ಅಂಟಿಸುತ್ತೇನೆ. ನಿಮ್ಮ ಮನೆಯಲ್ಲಿ ಮದುವೆ ಇದ್ದರೆ ಹಾರವನ್ನು ಮರುದಿನವೇ ತನ್ನಿ. ಅಲ್ಲಿಯವರೆಗೆ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ನೀರು ಮಾತ್ರ ಚಿಮುಕಿಸಬೇಡಿ.